ಗಾಜಿನೊಳಗಿನ ಕನ್ನಡ

ಕಾಸರಗೋಡಿನ ನಮ್ಮ ಪಂಚಾಯತಿಗೂ ಒಂದು ಚರಿತ್ರೆ ಮ್ಯೂಸಿಯಂ ಬಂತು. ಹಳೆ ಶಾಲೆ ಕಟ್ಟಡದ ಎರಡು ಕೋಣೆಗೆ ಸುಣ್ಣ ಬಳಿದು, ಮನೆಮನೆಯ ಅಟ್ಟದಿಂದ ಇಳಿಸಿದ್ದನ್ನೆಲ್ಲ ಜೋಡಿಸಿಟ್ಟಿದ್ದಾರೆ. ಉದ್ಘಾಟನೆಯ ಗೌಜಿಗೇನೂ ಕೊರತೆಯಿರಲಿಲ್ಲ. ಮುತ್ತುಕೊಡೆ, ಶಿಂಗಾರಿಮೇಳ, ಕುಟುಂಬಶ್ರೀ ಹೆಂಗಸರ ತಿರುವಾದಿರ, ಶಾಲೆ ಮಕ್ಕಳ ಒಪ್ಪನ, ಕೊನೆಗೆ ಪಾಯಸ. ಪಟ್ಟಿಯಲ್ಲಿ ಯಕ್ಷಗಾನವೂ ಇತ್ತು. ಆದರೆ ಭಾಷಣಗಳು ಉದ್ದವಾದ್ದರಿಂದ, ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಗೆ ಹತ್ತಿರದ ಈ ಊರಿನಲ್ಲಿ ವೇಷಧಾರಿ ರಂಗಕ್ಕೆ ಬಂದು, ಒಂದು ಸುತ್ತು ಕುಣಿದು, ಅರ್ಥ ಹೇಳುವ ಮೊದಲೇ ಚೌಕಿಗೆ ಮರಳಬೇಕಾಯಿತು. ಮುಖ್ಯ ಅತಿಥಿಗಳು ‘ಎಲ್ಲರಿಗೂ ನಮಸ್ಕಾರ’ ಎಂದು ಕನ್ನಡದಲ್ಲಿ ಶುರುಮಾಡಿ, ಉಳಿದದ್ದನ್ನೆಲ್ಲ ಮಲೆಯಾಳದಲ್ಲಿ ಮುಗಿಸಿದರು. ಆ ಎರಡು ಶಬ್ದಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಾವು ಕನ್ನಡಿಗರೇ. ಅಭ್ಯಾಸಬಲ.

ಒಳಗೆ ಹೋದರೆ ಕಳಸಿಗೆ, ಸೇರು, ಅಡಿಕೆ ಹಾಳೆಯ ಮುಟ್ಟಾಳೆ, ತಳಂಗರೆ ತೊಪ್ಪಿ, ಕಡೆಯುವ ಕಲ್ಲು ಎಲ್ಲ ಉಂಟು. ವಿವರಣೆ ಮಾತ್ರ ಮಲೆಯಾಳ ಮತ್ತು ಇಂಗ್ಲಿಷಿನಲ್ಲಿ. ಮಂಜೇಶ್ವರದ ಗೋವಿಂದ ಪೈಗಳನ್ನು 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದ್ದನ್ನೂ ನಾವು ಮಲೆಯಾಳದಲ್ಲೇ ಓದಿ ತಿಳಿಯಬೇಕು. ಬಸ್ಸಿನ ಬೋರ್ಡು, ಕರೆಂಟು ಬಿಲ್ಲುಗಳಿಂದ ತರಬೇತಾದ ಕಣ್ಣು; ಓದಿತು.

ಆದರೆ ನಡುವಿನ ಗಾಜಿನ ಪೆಟ್ಟಿಗೆಯ ಎದುರು ಕಾಲು ನಿಂತಿತು. ಅದರೊಳಗೆ ಇರುವುದೆಲ್ಲ ಕನ್ನಡವೇ. ಗೇಣಿಚೀಟು, ಮೂಲಗೇಣಿ ಪತ್ರ, ಶಾನುಭೋಗರ ಕೈಬರಹದ ಕಡತ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದಷ್ಟು ಕಾಲ ಈ ಊರಿನ ಗದ್ದೆ, ತೋಟ, ಸಾಲ, ಜಗಳ ಎಲ್ಲವೂ ದಾಖಲಾದದ್ದು ಕನ್ನಡದಲ್ಲಿ. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ‘ಹಳೆಯ ದಾಖಲೆಗಳು’ ಎಂದಷ್ಟೇ ಇದೆ. ಬರೆದವರಿಗೆ ಅದಕ್ಕಿಂತ ಹೆಚ್ಚು ಓದಲು ಬರುತ್ತಿರಲಿಲ್ಲ.

ಅಷ್ಟರಲ್ಲಿ ಸ್ವಯಂಸೇವಕರ ಬ್ಯಾಡ್ಜು ಹಾಕಿದ ಹುಡುಗನೊಬ್ಬ ಓಡಿಬಂದ. “ಮಾಷೇ, ಇದೊನ್ನು ವಾಯಿಚ್ಚು ತರುಮೋ?” ಇದನ್ನೊಮ್ಮೆ ಓದಿಕೊಡುತ್ತೀರಾ ಎಂದು. ಅವನು ಪೆಟ್ಟಿಗೆಯಿಂದ ಹೊರತೆಗೆದದ್ದು ತನ್ನ ಮನೆಯವರೇ ಕೊಟ್ಟ ಗೇಣಿಚೀಟು. ಮೋಡಿ ಬರಹ ತಡವರಿಸುತ್ತ ಓದಿದೆ. ಅವನ ಅಜ್ಜನ ಅಪ್ಪನ ಹೆಸರು, ಗದ್ದೆಯ ನಾಲ್ಕು ದಿಕ್ಕಿನ ಗಡಿ, ವರ್ಷಕ್ಕೆ ಧಣಿಗಳಿಗೆ ಅಳೆಯಬೇಕಾದ ಅಕ್ಕಿಯ ಮುಡಿಗಳ ಲೆಕ್ಕ. ಮೂರು ಕಳಸಿಗೆಗೆ ಒಂದು ಮುಡಿ, ಅಂದರೆ 42 ಸೇರು ಎಂದು ಪಕ್ಕದ ಅಳತೆಪಾತ್ರೆ ತೋರಿಸಿದಾಗ ಹುಡುಗನ ಕಣ್ಣು ಅರಳಿತು. ಅಲ್ಲೇ ಉಮ್ಮನಿಗೆ ಫೋನು ಮಾಡಿದ. 1970ರಲ್ಲಿ ಭೂಸುಧಾರಣೆಯಿಂದ ಗೇಣಿ ಹೋಗಿ ಆ ಗದ್ದೆ ಅವರದೇ ಆದದ್ದು ಅವನಿಗೆ ಗೊತ್ತಿತ್ತು. ಅದಕ್ಕೂ ಮೊದಲಿನ ಬೆವರಿನ ಸಾಕ್ಷಿ ಕನ್ನಡದಲ್ಲಿದೆ ಎಂಬುದು ಗೊತ್ತಿರಲಿಲ್ಲ. ಆಮೇಲೆ ನನಗೆ ಕುರ್ಚಿ ತಂದುಕೊಟ್ಟ, ಎರಡನೇ ಸಲ ಪಾಯಸವನ್ನೂ ತಂದ.

ಮಲೆಯಾಳಿಗಳ ಒಂದು ಗುಣ ಒಪ್ಪಲೇಬೇಕು. ಗ್ರಂಥಾಲಯ, ಚರಿತ್ರೆ, ಸಮಿತಿ ಎಂದರೆ ಊಟ ಬಿಟ್ಟು ಬರುತ್ತಾರೆ. ನಾವು ಒರಲೆಗೆ ಬಿಟ್ಟ ಕಾಗದವನ್ನು ಅವರು ಒರಸಿ ಗಾಜಿನಲ್ಲಿಟ್ಟರು. ಆದರೆ ಅವರ ಗೋಡೆಯ ಕಾಲರೇಖೆ ಮಾತ್ರ ವಿಚಿತ್ರ ಜಾಣ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಒಂದೇ ನೆಗೆತಕ್ಕೆ 1984ರ ಜಿಲ್ಲಾ ರಚನೆಗೆ ಬಂದು ಕೂತಿದೆ. ಕರ್ನಾಟಕಕ್ಕೆ ಸೇರಬೇಕೆಂದು ನಿಂತ ಎಂ. ಉಮೇಶ್ ರಾಯರನ್ನು 1957ರಲ್ಲಿ ಮಂಜೇಶ್ವರ ಅವಿರೋಧವಾಗಿ ಆರಿಸಿದ್ದು, ಚಂದ್ರಗಿರಿ ಹೊಳೆಯಿಂದ ಉತ್ತರದ ನೆಲ ಕರ್ನಾಟಕಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು, ಎರಡೂ ಆ ನೆಗೆತದ ಕೆಳಗೆ ಬಿದ್ದಿವೆ. ಈಡೇರದ ಆಸೆಗೂ ಚರಿತ್ರೆಯಲ್ಲಿ ಒಂದು ಸಾಲು ಸಲ್ಲಬೇಡವೇ?

ವಿವರಣೆ ಕನ್ನಡದಲ್ಲಿ ಯಾಕಿಲ್ಲ ಎಂದು ಮ್ಯೂಸಿಯಂ ಸಮಿತಿಯ ಕಾರ್ಯದರ್ಶಿಯವರಲ್ಲಿ ಕೇಳಿದೆ. “ಕನ್ನಡ ಎರಡನೇ ಹಂತದಲ್ಲಿ ಮಾಡುವಾ ಮಾಷ್ಟ್ರೇ, ಫಂಡು ಬರಲಿ” ಎಂದರು. ಚೀಟಿ ನಾವು ಪುಕ್ಕಟೆ ಬರೆದುಕೊಡುತ್ತೇವೆ, ಅದು ದೊಡ್ಡ ಸಂಗತಿಯಲ್ಲ. ದೊಡ್ಡದು ಬೇರೆ ಉಂಟು. ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬರುವುದು, ಮಕ್ಕಳು ಅಂಗಳದಲ್ಲಿ ಕೂತು ಪ್ರತಿಭಟಿಸುವುದು ಇಲ್ಲಿ ಮಳೆಗಾಲದಷ್ಟೇ ಮಾಮೂಲಿ. ಹೀಗೇ ಹೋದರೆ ಆ ಹುಡುಗನ ಮಗ ಇದೇ ಪತ್ರ ಹಿಡಿದುಕೊಂಡು ಬರುವ ಹೊತ್ತಿಗೆ ಓದಿಹೇಳುವವರು ಯಾರು? ಒರಲೆಯಿಂದ ಗಾಜು ಕಾಯುತ್ತದೆ, ಓದುವವರನ್ನು ಹುಟ್ಟಿಸುವುದಿಲ್ಲ. ಮ್ಯೂಸಿಯಮ್ಮಿಗೆ ಕಾವಲುಗಾರನಷ್ಟೇ ಅಗತ್ಯ ಪಕ್ಕದ ಶಾಲೆಯ ಕನ್ನಡ ಅಧ್ಯಾಪಕ.

ಹಾಗಾಗಿ ಹುಡುಗನಿಗೆ ಒಂದು ಕೆಲಸ ಒಪ್ಪಿಸಿದ್ದೇನೆ. ಕನ್ನಡ ಅಧ್ಯಾಪಕರು ಬೇಕೆಂಬ ಮನವಿಯನ್ನು ಈ ಸಲ ಮ್ಯೂಸಿಯಂ ಸಮಿತಿಯ ಹೆಸರಿನಲ್ಲಿ ಅವನೇ ಬರೆಯಬೇಕು, ಅದೂ ಮಲೆಯಾಳದಲ್ಲಿ. ನಾವು ಕನ್ನಡದಲ್ಲಿ ಕೊಟ್ಟ ಮನವಿಗಳು ಈಗಾಗಲೇ ಇನ್ನೊಂದು ಮ್ಯೂಸಿಯಂ ತುಂಬುವಷ್ಟು ಆಗಿವೆ.