ಬೆಟ್ಟದ ಕಣ್ಣಿಗೆ ತೋಟ ನುಣ್ಣಗೆ

ಬೆಂಗಳೂರಿನ ಗೃಹಸ್ಥನಿಗೆ ನಂದಿಬೆಟ್ಟವೆಂದರೆ ಮನೆಯ ಹಿತ್ತಿಲಿದ್ದಂತೆ. ನೆಂಟರು ಬಂದರೆ ನಂದಿ. ಮಗನಿಗೆ ಕೆಲಸ ಸಿಕ್ಕಿದರೆ ನಂದಿ. ಹೊಸ ಕಾರು ಕೊಂಡರೆ ಅದರ ಮೊದಲ ಪರೀಕ್ಷೆಯೂ ನಂದಿಯ ತಿರುವುಗಳಲ್ಲಿಯೇ. ದೂರ ಸುಮಾರು 60 ಕಿಲೋಮೀಟರು, ಬೆಟ್ಟದ ಎತ್ತರ 1,478 ಮೀಟರು. ಬೆಳಗಿನ ಜಾವ ಮೂರೂವರೆಗೇ ಎದ್ದು, ನಿದ್ರೆಯಲ್ಲಿರುವ ಮಕ್ಕಳನ್ನು ಕಂಬಳಿಯ ಸಮೇತ ಎತ್ತಿ ಹಾಕಿಕೊಂಡು ಹೊರಟ ಸಂಸಾರಗಳು ಬೆಟ್ಟದ ಬುಡದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಸೂರ್ಯನಾದರೋ ಯಾರಿಗೂ ಕಾಯುವವನಲ್ಲ. ಭಾನುವಾರದ ದಿನ ಎಷ್ಟೋ ಮಂದಿ ನಂದಿಯ ಸೂರ್ಯೋದಯವನ್ನು ಮುಂದಿನ ಕಾರಿನ ಹಿಂಬದಿಯ ಗಾಜಿನಲ್ಲಿಯೇ ಕಂಡು ತೃಪ್ತರಾಗುವುದುಂಟು.

ಬೆಟ್ಟಕ್ಕೆ ಇನ್ನೊಂದು ದಾರಿಯಿದೆ. ಸುಲ್ತಾನ್‌ಪೇಟೆಯ ಕಡೆಯಿಂದ ಸಾವಿರಕ್ಕೂ ಮಿಕ್ಕಿದ ಕಲ್ಲಿನ ಮೆಟ್ಟಿಲುಗಳು ಕೋಟೆಯವರೆಗೆ ಏರುತ್ತವೆ. ಮಲ್ಲೇಶ್ವರದ ಒಬ್ಬ ನಿವೃತ್ತ ಮೇಷ್ಟರು ಕಾರ್ತಿಕ ಮಾಸದಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಈ ದಾರಿಯನ್ನು ಹಿಡಿಯುತ್ತಾರೆ. ಮೊದಲು ಪತ್ನಿಯೊಡನೆ ಬರುತ್ತಿದ್ದರು. ಈಗ ಮಗಳು ಜೊತೆಗಿರುತ್ತಾಳೆ. ಮಂಡಿ ನೋಯುತ್ತದೆಂದು ಅವರು ಹೇಳುವುದಿಲ್ಲ. ನೂರು ಮೆಟ್ಟಿಲಿಗೊಮ್ಮೆ ನಿಂತು ಇತಿಹಾಸ ಹೇಳುತ್ತಾರೆ. 1791ರಲ್ಲಿ ಇಂಗ್ಲಿಷರ ಸೈನ್ಯವು ಟಿಪ್ಪುವಿನ ಈ ಕೋಟೆಯನ್ನು ಹಿಡಿದುದು ಒಂದು ವಿಶ್ರಾಂತಿಗಾದರೆ, ಕಬ್ಬನ್ ಸಾಹೇಬರು ಮೇಲೆ ಬಂಗಲೆ ಕಟ್ಟಿಸಿಕೊಂಡುದು ಇನ್ನೊಂದಕ್ಕೆ, 1927ರಲ್ಲಿಯೂ 1936ರಲ್ಲಿಯೂ ಗಾಂಧೀಜಿ ಇಲ್ಲಿ ತಂಗಿದ್ದುದು ಮತ್ತೊಂದಕ್ಕೆ. 1986ರ ಸಾರ್ಕ್ ಸಮ್ಮೇಳನದ ನಾಯಕರು ಬೆಟ್ಟಕ್ಕೆ ಬಂದ ಕಥೆ ಬರುವ ಹೊತ್ತಿಗೆ ಮಗಳಿಗೂ ಅರ್ಥವಾಗಿರುತ್ತದೆ, ಅಪ್ಪನಿಗೆ ಈಗ ದೀರ್ಘವಾದ ಅಧ್ಯಾಯವೊಂದು ಬೇಕೆಂದು. ಅವಳು ಸುಮ್ಮನೆ ಇನ್ನೊಂದು ಪ್ರಶ್ನೆ ಕೇಳುತ್ತಾಳೆ.

ಮೇಲೆ ನಿಂತಾಗ ಕಾಣುವ ನೋಟಕ್ಕೆ ಎರಡು ಅಂಕಗಳು. ಮೊದಲನೆಯದು ಮೋಡ. ಕಣಿವೆಯೆಲ್ಲ ಅರಳೆ ತುಂಬಿದಂತಾಗಿ, ಅದರ ನಡುವೆ ಸ್ಕಂದಗಿರಿಯಂಥ ನೆರೆಯ ಬೆಟ್ಟಗಳ ನೆತ್ತಿ ಮಾತ್ರ ನಡುಗಡ್ಡೆಯ ಹಾಗೆ ತೇಲುತ್ತದೆ. ಈ ವೈಭವಕ್ಕಾಗಿಯೇ ಜನ ನಿದ್ರೆಗೆಡುವುದು. ಬಿಸಿಲೇರಿ ಮೋಡ ಕರಗಿತೆಂದರೆ ಅವರಲ್ಲಿ ಅರ್ಧ ಮಂದಿ ತಿಂಡಿಯ ಕಡೆಗೆ ತಿರುಗುತ್ತಾರೆ. ಎರಡನೆಯ ಅಂಕ ಆರಂಭವಾಗುವುದು ಆಗಲೇ. ಬುಡದ ಬಯಲಿನಲ್ಲಿ ಹಸಿರು ಜಮಖಾನ ಹಾಸಿದಂತೆ, ಅಂಚು ಕತ್ತರಿಸಿ ಜೋಡಿಸಿದ ಚೌಕಗಳು ಕಾಣುತ್ತವೆ. ಅವುಗಳಲ್ಲಿ ಹಲವು ದ್ರಾಕ್ಷಿಯ ಚಪ್ಪರಗಳು.

ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಈ ಸೀಮೆ ದ್ರಾಕ್ಷಿಯ ನಾಡು. ಇಲ್ಲಿನ ಹಳೆಯ ತಳಿ 'ಬೆಂಗಳೂರು ನೀಲಿ'. ಸಿಪ್ಪೆ ದಪ್ಪ, ಪರಿಮಳ ಘಾಟು, ಪಾನಕಕ್ಕೂ ಅಗ್ಗದ ಸಿಹಿ ಮದ್ಯಕ್ಕೂ ಹೇಳಿ ಮಾಡಿಸಿದ್ದು. ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ದೊಡ್ಡಬಳ್ಳಾಪುರದ ಕಡೆ 1988ರಿಂದೀಚೆಗೆ ಗ್ರೋವರ್ ಮನೆತನದವರು ಫ್ರಾನ್ಸಿನ ತಳಿಗಳನ್ನು ಬೆಳೆಸಿ ವೈನ್ ತಯಾರಿಸಿದ ಮೇಲೆ, ನಂದಿ ಕಣಿವೆಯ ಹೆಸರು ಶೀಶೆಯ ಚೀಟಿಯೇರಿ ದೂರದೂರಕ್ಕೆ ಹೋಯಿತು. ಯೂರೋಪಿನ ಬಳ್ಳಿಗೆ ಚಳಿಗಾಲದಲ್ಲಿ ನಿದ್ರೆಯುಂಟು. ನಮ್ಮ ಸೀಮೆಯಲ್ಲಿ ಆ ಚಳಿಯಿಲ್ಲ, ಬಳ್ಳಿ ವರ್ಷವಿಡೀ ಎಚ್ಚರ. ಆದ್ದರಿಂದ ಅಂಥ ತಳಿಗಳನ್ನು ವರ್ಷಕ್ಕೆ ಎರಡು ಸಲ ಸವರಿ, ಒಂದು ಸಲ ಮಾತ್ರ ಫಲ ಕೊಯ್ಯುತ್ತಾರೆ.

ಬೆಟ್ಟವಿಳಿದ ಮೇಲೆ ಮೇಷ್ಟರು ಒಂದು ತೋಟದ ಬಳಿ ನಿಲ್ಲುವುದು ವಾಡಿಕೆ. ತೋಟದ ಯಜಮಾನ ಅರುವತ್ತು ದಾಟಿದ ಗೌಡ. ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ. ಆ ಕಡೆಯ ಪದ್ಧತಿಯೇ ಹಾಗೆ. ಒಂದೂವರೆ ಎಕರೆ ಚಪ್ಪರ. ಕಲ್ಲುಕಂಬ, ತಂತಿ, ಬಳ್ಳಿ ಎಲ್ಲವೂ ತಂದೆಯ ಕಾಲದವು.

"ಏನು ಮೇಷ್ಟ್ರೇ, ಈ ಸಲ ಮೋಡ ಸಿಕ್ಕಿತೇ?"

"ಸಿಕ್ಕಿತಪ್ಪಾ, ಕಣ್ತುಂಬ ಸಿಕ್ಕಿತು. ಎಂಟೂವರೆಯವರೆಗೂ ಕದಲಲಿಲ್ಲ!"

ಗೌಡರು ನಕ್ಕರು. ಆ ನಗೆಯಲ್ಲಿ ಸಂತೋಷವಿರಲಿಲ್ಲ. "ನೀವು ನೋಡಿ ಹೋಗ್ತೀರಿ ಸ್ವಾಮಿ. ಅದು ಇಳಿದು ಬಂದು ಕೂರುವುದು ನನ್ನ ಎಲೆಯ ಮೇಲೆ."

ಎಳೆ ಎಲೆಯೊಂದನ್ನು ಮಗುಚಿ ತೋರಿಸಿದರು. ಅಡಿಯಲ್ಲಿ ಹತ್ತಿಯ ನೂಲಿನಂಥ ಬಿಳಿಯ ಬೂಜು. ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಈ ರೋಗ ಹಬ್ಬುತ್ತದೆ. ಹೂಗೊಂಚಲಿಗೆ ತಗಲಿದರೆ ಆ ವರ್ಷದ ಬೆಳೆಯನ್ನು ಮರೆಯಬಹುದು. ಮೇಲಿನವರು ಚಪ್ಪಾಳೆ ತಟ್ಟಿ ನೋಡಿದ ಮೋಡಕ್ಕೆ ಕೆಳಗೆ ಪೀಪಾಯಿಗಟ್ಟಲೆ ಮದ್ದು ಬೇಕು. ಮದ್ದೂ ದ್ರಾಕ್ಷಿಯ ನಾಡಿನದೇ. ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣಗಳ ನೀಲಿ ನೀರನ್ನು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ಹತ್ತದಿರುವುದನ್ನು 1882ರಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿದನು. ಕಳ್ಳರಿಗಾಗಿ ಹೂಡಿದ ಉಪಾಯ ಹೀಗೆ ಲೋಕದ ದ್ರಾಕ್ಷಿಯನ್ನು ಕಾಯಿತು. ಮೇಷ್ಟರಿಗೆ ಈ ಕಥೆ ಗೊತ್ತಿತ್ತು. ಆದರೆ ಅದನ್ನು ಹೇಳುವ ಹೊತ್ತು ಇದಲ್ಲವೆಂದು ಅವರಿಗೂ ತೋರಿರಬೇಕು.

ಪಕ್ಕದ ತೋಟ ಇರಲಿಲ್ಲ. ಹೋದ ವರ್ಷ ಚಪ್ಪರವಿದ್ದ ಕಡೆ ಕಲ್ಲುಕಂಬಗಳನ್ನು ಕಿತ್ತು ರಾಶಿ ಹಾಕಿ, ನೆಲವನ್ನು ನಿವೇಶನಗಳಾಗಿ ಅಳೆದು ಬಿಳಿಯ ಕಲ್ಲು ನೆಟ್ಟಿದ್ದರು. ಬೆಟ್ಟದ ನೋಟ ಸಿಗುವ ಮನೆಗಳು ಎಂದು ಹಲಗೆಯ ಮೇಲೆ ಬರೆದಿತ್ತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯ ನೆಲಕ್ಕೆ ಬಂದ ಬೆಲೆ ಯಾವ ಹಣ್ಣಿಗೂ ಬಂದಿಲ್ಲ. ಬೆಟ್ಟದಿಂದ ತೋಟ ಚೆಂದ, ತೋಟದಿಂದ ಬೆಟ್ಟ ಚೆಂದ. ಎರಡನೆಯ ಚೆಂದಕ್ಕೆ ಹಣ ಕೊಡುವವರಿದ್ದಾರೆ, ಮೊದಲನೆಯದು ಬಿಟ್ಟಿ. ನೀರಿನ ಮಾತು ಬೇರೆ. ಅರ್ಕಾವತಿ, ಪಾಲಾರ್, ಎರಡು ಪಿನಾಕಿನಿಗಳು ಹುಟ್ಟುವ ಬೆಟ್ಟಸಾಲಿನ ಮಡಿಲಲ್ಲಿಯೇ ಸಾವಿರ ಅಡಿ ಮೀರಿದ ಕೊಳವೆಬಾವಿಗಳು ಅಪರೂಪವಲ್ಲ.

"ನಿಮ್ಮನ್ನೂ ಕೇಳಿದರೇ ಗೌಡರೇ?" ಎಂದಳು ಮಗಳು.

"ಕೇಳದೆ ಇರುತ್ತಾರೆಯೇ ತಾಯಿ! ಮಗ ವಿಮಾನದ ಕಡೆ ಟ್ಯಾಕ್ಸಿ ಓಡಿಸ್ತಾನೆ. ಕೊಟ್ಟುಬಿಡು ಅಪ್ಪಾ, ಈ ಮೋಡದ ಜೊತೆ ಎಷ್ಟು ವರ್ಷ ಜಗಳ ಅಂತಾನೆ. ಅವನು ಹೇಳುವುದೂ ಸುಳ್ಳಲ್ಲ."

"ನೀವೇನು ಹೇಳಿದಿರಿ?"

ಗೌಡರು ಪೀಪಾಯಿಯ ಕಡೆ ತಿರುಗಿದರು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕೋಲಿನಿಂದ ಕಲಕಿ, ಉಜ್ಜಿ ಹೊಳಪು ಬರಿಸಿದ ಕುಡುಗೋಲಿನ ಅಲಗನ್ನು ಆ ನೀಲಿಯಲ್ಲಿ ಅದ್ದಿ ಹಿಡಿದರು. ತಾಮ್ರ ಹೆಚ್ಚಿದ್ದರೆ ಕಬ್ಬಿಣಕ್ಕೆ ಕೆಂಪು ಹತ್ತುತ್ತದೆ. ಅಂಥ ಮದ್ದು ಎಲೆಯನ್ನೇ ಸುಟ್ಟೀತು. ಅಲಗನ್ನು ಬಿಸಿಲಿಗೆ ಎತ್ತಿ ನೋಡಿದರು. ಕೆಂಪಾಗಿತ್ತು. ಮಗಳು ಕೇಳುವುದಕ್ಕೆ ಮುಂಚೆಯೇ ಮೇಷ್ಟರು ಸುಣ್ಣದ ಡಬ್ಬಿಯನ್ನು ಮುಂದಕ್ಕೆ ಸರಿಸಿದರು. ಗೌಡರು ಇನ್ನೊಂದು ಬೊಗಸೆ ಕದಡಿ ಹಾಕಿ, ಅಲಗನ್ನು ಒರೆಸಿ, ಮತ್ತೆ ಅದ್ದಿದರು.