ಟೇಪ್ ಇದೆ, ಫೈಲ್ ಎಲ್ಲಿ?

2008ರ ಮಾತು. ಆಫೀಸಿನ ಬ್ಯಾಕಪ್ಪಿಗೆ ಬ್ಯಾಕುಲಾ ಹಾಕಿದ್ದೆ. ಯಾವ ಫೈಲು ಯಾವ ಟೇಪಿನಲ್ಲಿದೆ ಅನ್ನೋ ಪಟ್ಟಿ ಇಡೋಕೆ ಡೇಟಾಬೇಸ್ ಬೇಕಲ್ಲ, ಗೊತ್ತಿದ್ದ ಮೈಎಸ್‌ಕ್ಯೂಎಲ್ ಆರಿಸಿದೆ. ಟೇಬಲ್ಲುಗಳು ಆಗಿನ ಡೀಫಾಲ್ಟ್ ಮೈಐಸ್ಯಾಮ್‌ನಲ್ಲೇ ಉಳಿದವು.

ಒಂದು ರಾತ್ರಿ ಕರೆಂಟು ಹೋಯ್ತು, ಯುಪಿಎಸ್ಸೂ ಕೈಕೊಡ್ತು. ಬೆಳಿಗ್ಗೆ ಅಕೌಂಟ್ಸ್‌ನವರು "ಮಾರ್ಚ್ ಫೋಲ್ಡರ್ ಡಿಲೀಟಾಗಿದೆ" ಅಂತ ಬಂದರೆ, ಪಟ್ಟಿಯೇ ಕೆಟ್ಟು ಕೂತಿದೆ! ರಿಪೇರಿ ಮಾಡಿದರೂ ಏಳಲಿಲ್ಲ. ಪಟ್ಟಿಯ ಬ್ಯಾಕಪ್ ಜಾಬನ್ನು 'ಯಾಕೆ ಸುಮ್ನೆ' ಅಂತ ನಾನೇ ನಿಲ್ಲಿಸಿದ್ದೆ. ಬಿಸ್ಕ್ಯಾನ್ ಹಾಕಿ, ಒಂದೊಂದೇ ಟೇಪು ಓದಿಸಿ ಪಟ್ಟಿ ಮತ್ತೆ ಕಟ್ಟೋಕೆ 3 ದಿನ ಹಿಡೀತು.

ಆಮೇಲೆ ಪೋಸ್ಟ್‌ಗ್ರೆಸ್‌ಗೆ ಬಂದೆ. ಅದು ಬದಲಾವಣೆಯನ್ನು ಮೊದಲು ಲಾಗಿನಲ್ಲಿ ಬರೆದಿಟ್ಟುಕೊಳ್ಳುತ್ತೆ. ಕರೆಂಟು ಹೋದರೂ ಅಲ್ಲಿಂದ ಸುಧಾರಿಸಿಕೊಳ್ಳುತ್ತೆ. ಆದರೂ ಆ ಜಾಬನ್ನು ಮತ್ತೆಂದೂ ನಿಲ್ಲಿಸಿಲ್ಲ.

ನಿಮ್ಮ ಪಟ್ಟಿಯ ಬ್ಯಾಕಪ್ ಎಲ್ಲಿದೆ ಸ್ವಾಮಿ?