ಹಾಜರಿ ಪುಸ್ತಕವೂ ರೇಡಿಯೋ ಲಾಗೂ

ನನ್ನ ಬಳಿ ಎಂಟನೆಯ ತರಗತಿಯಲ್ಲಿ ಓದಿದ ಕೆಲವರಿಗಾದರೂ ಈ ಪ್ರಸಂಗ ನೆನಪಿರಬಹುದು. ತಿಂಗಳ ಕೊನೆಯಲ್ಲಿ ಹಾಜರಿ ಕೂಡಿಸುವಾಗ ಒಬ್ಬ ಹುಡುಗನಿಗೆ ಒಂದು ದಿನ ಕಡಿಮೆ ಬಂದಿತು. ಅವನು ಎದ್ದು ನಿಂತು, "ಸಾರ್, ಅವತ್ತು ನಾನಿದ್ದೆ" ಎಂದ. "ಪುಸ್ತಕದಲ್ಲಿ ಇಲ್ಲವಲ್ಲ" ಎಂದು ಕೂರಿಸಿದೆ. ಅಂದು ಕರಿಹಲಗೆಯ ಮೇಲೆ ಲೆಕ್ಕ ಬಿಡಿಸಿದವನೇ ಅವನೆಂದು ಉಳಿದವರು ಹೇಳಿದ ಮೇಲೆ ತಿದ್ದಿದೆ. ಬರೆದದ್ದೇ ನಿಜವೆಂಬ ನನ್ನ ಹಮ್ಮು ಅಂದು ತುಸು ಇಳಿಯಿತು. ಪೂರ್ತಿ ಇಳಿದದ್ದು ನಿವೃತ್ತಿಯ ನಂತರ ಹಿಡಿದ ಹ್ಯಾಮ್ ರೇಡಿಯೋ ಹವ್ಯಾಸದಿಂದ.

ಹ್ಯಾಮ್‌ಗಳು ಪ್ರತಿಯೊಂದು ಸಂಪರ್ಕವನ್ನೂ ಲಾಗ್‌ನಲ್ಲಿ ಬರೆದಿಡುತ್ತೇವೆ: ಎದುರಿನವರ ಕರೆಸಂಕೇತ, ದಿನಾಂಕ, ವೇಳೆ, ಆವರ್ತಾಂಕ, ಪ್ರಸಾರದ ವಿಧಾನ. ವೇಳೆ ನಮ್ಮ ಗಡಿಯಾರದ್ದಲ್ಲ, ಅದಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ. ಬೆಳಗ್ಗೆ ೫-೩೦ಕ್ಕೆ ಮುನ್ನ ಮಾತನಾಡಿದರೆ ಹಿಂದಿನ ದಿನದ ತಾರೀಖನ್ನೇ ಬರೆಯಬೇಕು. ಬಳಿಕ ಕ್ಯೂಎಸ್‌ಎಲ್ ಕಾರ್ಡು ಕಳುಹಿಸಿ ಸಂಪರ್ಕವನ್ನು ದೃಢಪಡಿಸುತ್ತೇವೆ. ಎರಡೂ ಕಡೆಯ ಬರಹ ತಾಳೆಯಾಗಬೇಕು.

೨೦೧೮ರಲ್ಲಿ ಜಪಾನಿನ ಮಿತ್ರರೊಬ್ಬರಿಗೆ ಕಳುಹಿಸಿದ ಕಾರ್ಡಿಗೆ ವಿನಯದ ಉತ್ತರ ಬಂದಿತು. ೨೦ ಮೀಟರ್ ಬ್ಯಾಂಡಿನಲ್ಲಿ ನಿಮ್ಮೊಡನೆ ಮಾತನಾಡಿಲ್ಲ, ಅದೇ ವೇಳೆಗೆ ೪೦ ಮೀಟರಿನಲ್ಲಿ ಮಾತನಾಡಿದ್ದೇನೆ ಎಂದು. ರೇಡಿಯೋವನ್ನು ೧೪ ಮೆಗಾಹರ್ಟ್ಸ್‌ನಿಂದ ೭ಕ್ಕೆ ಬದಲಿಸಿದ್ದ ನಾನು ಕಂಪ್ಯೂಟರಿನಲ್ಲಿ ಬದಲಿಸಲು ಮರೆತಿದ್ದೆ. "ಸಾರ್, ನಾನಿದ್ದೆ" ಎಂಬ ದನಿ ಮತ್ತೆ ಕೇಳಿದಂತಾಯಿತು.

ರೇಡಿಯೋವನ್ನೇ ಕಂಪ್ಯೂಟರಿಗೆ ಜೋಡಿಸಿ ಎಂದ ಹಳೆಯ ವಿದ್ಯಾರ್ಥಿಯೊಬ್ಬ. ನನ್ನದು ಯಾಯೆಸು ಎಫ್‌ಟಿ-೮೫೭. ಅದಕ್ಕೆ ತಕ್ಕ ಕೇಬಲ್ ತರಿಸಿದೆ. ತೆರೆಯ ಮೇಲೆ ಏನೂ ಬರಲಿಲ್ಲ. ಎರಡು ಸಂಜೆ ಕಳೆದವು. ಕೊನೆಗೆ ಅವನು ಫೋನಿನಲ್ಲೇ ಒಂದೊಂದಾಗಿ ತಪ್ಪು ಹಿಡಿದ. ರೇಡಿಯೋದ ಹಿಂಬದಿಯ ಜ್ಯಾಕ್ ಬೇರೆ ಉಪಕರಣಗಳಿಗೂ ಬಳಕೆಯಾಗುವುದರಿಂದ ಮೆನುವಿನಲ್ಲಿ 'ಕ್ಯಾಟ್' ಎಂದು ಆರಿಸಬೇಕಿತ್ತು. ರೇಡಿಯೋದ ವೇಗ ೪೮೦೦, ತಂತ್ರಾಂಶದ್ದು ೯೬೦೦. ಎರಡೂ ಒಂದೇ ಆಗಬೇಕಿತ್ತು. ಕೇಬಲನ್ನು ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದ್ದರಿಂದ ಪೋರ್ಟ್ ಸಂಖ್ಯೆಯೂ ಬದಲಾಗಿತ್ತು.

ಇವನ್ನು ಸರಿಪಡಿಸಿದೊಡನೆ ಡಯಲ್ ತಿರುಗಿಸಿದಂತೆ ತೆರೆಯ ಅಂಕೆಗಳೂ ಓಡಿದವು. ಒಳಗೆ ನಡೆಯುವುದು ಹಾಜರಿ ಕೂಗುವ ಕೆಲಸವೇ. ಕಂಪ್ಯೂಟರು ಪದೇ ಪದೇ ಐದು ಬೈಟ್‌ಗಳನ್ನು ಕಳುಹಿಸುತ್ತದೆ, ಕೊನೆಯದು ೦೩ ಆಗಿದ್ದರೆ "ಎಲ್ಲಿದ್ದೀಯೆ?" ಎಂದರ್ಥ. ರೇಡಿಯೋ ಐದು ಬೈಟ್‌ಗಳಲ್ಲೇ ಉತ್ತರಿಸುತ್ತದೆ: ಮೊದಲ ನಾಲ್ಕರಲ್ಲಿ ಆವರ್ತಾಂಕ, ಐದನೆಯದರಲ್ಲಿ ವಿಧಾನ. ೧೪.೨೫೦ ಮೆಗಾಹರ್ಟ್ಸ್‌ನಲ್ಲಿದ್ದರೆ ಆ ನಾಲ್ಕು ೦೧ ೪೨ ೫೦ ೦೦.

ಇನ್ನು ತಪ್ಪಾಗದೆಂದು ಹಿಗ್ಗಿದೆ. ವಾರದೊಳಗೇ ಆಯಿತು. ಮಾತು ಮುಗಿದೊಡನೆ ಡಯಲ್ ತಿರುಗಿಸಿ, ಆಮೇಲೆ ಲಾಗ್ ಉಳಿಸಿದ್ದೆ. ನಾನು ಬಳಸುವ ತಂತ್ರಾಂಶ ಉಳಿಸುವ ಗಳಿಗೆಯ ಆವರ್ತಾಂಕವನ್ನೇ ಬರೆಯುತ್ತದೆ. ಅದು ಸುಳ್ಳು ಹೇಳಿರಲಿಲ್ಲ. ಕೇಳಿದ ಹೊತ್ತು ತಪ್ಪಾಗಿತ್ತು, ಅಷ್ಟೆ. ಮತ್ತೊಮ್ಮೆ ಆವರ್ತಾಂಕ ಸರಿಯಿದ್ದು ಕರೆಸಂಕೇತದ ಒಂದು ಅಕ್ಷರವನ್ನೇ ತಪ್ಪಾಗಿ ಕೇಳಿಸಿಕೊಂಡಿದ್ದೆ.

ಕೇಬಲ್ಲಿಗೆ ಗೊತ್ತಿರುವುದು ರೇಡಿಯೋ ಎಲ್ಲಿದೆ ಎಂಬುದು ಮಾತ್ರ. ಆ ಕಡೆ ಯಾರಿದ್ದರೆಂಬುದಕ್ಕೆ ನನ್ನ ಕಿವಿಯೇ ಸಾಕ್ಷಿ. ಆದ್ದರಿಂದ ಈಗ ಕರೆಸಂಕೇತವನ್ನು ಅಕ್ಷರ ಅಕ್ಷರವಾಗಿ ತಿರುಗಿ ಓದಿ ಹೇಳುತ್ತೇನೆ, "ಹೌದು" ಎಂದ ಮೇಲೆ ಉಳಿಸುತ್ತೇನೆ, ಆನಂತರವೇ ಡಯಲ್ ಮುಟ್ಟುತ್ತೇನೆ. ಅಂದು ತರಗತಿಯಲ್ಲೂ ಹೆಸರು ಕೂಗಿದ ಮೇಲೆ ತಲೆಯೆತ್ತಿ ಒಮ್ಮೆ ನೋಡಿದ್ದರೆ ಸಾಕಿತ್ತು.